ಮೆಣಸಿನಪುಡಿ ಖೋಲಿಯ ಹನ್ನೆರಡು ಸ್ಲೈಡು

ಕಾರಖಾನೆಯೊಳಗೆ ಇಂಥವು ಆಗುತ್ತಲೇ ಇರುತ್ತವೆ. ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದವನನ್ನು ಹಿಡಿದು, ಒಂದು ದಿನ ಎದ್ದು ನಿಂತು ಮಾತಾಡು ಅಂತಾರೆ.

ಬಾಯಿ ಮುಚ್ಚಿಕೊಂಡು ಅಂದದ್ದು ಸಿಟ್ಟಿನಿಂದ ಅಲ್ಲ. ನನ್ನ ಕೆಲಸ ನಾಗಪುರ ಹತ್ತಿರದ ಬುಟಿಬೋರಿಯ ಒಂದು ಮಸಾಲೆ ಕಾರಖಾನೆಯಲ್ಲಿ, ಮೆಣಸಿನಕಾಯಿ ಬೀಸುವ ಖೋಲಿಯಲ್ಲಿ. ಅಲ್ಲಿ ಬಾಯಿ ತೆರೆದರೆ ಪುಡಿ ಒಳಗೆ ಹೋಗುತ್ತದೆ. ಮೂಗು ಬಾಯಿಗೆ ಟಾವೆಲ್ ಸುತ್ತಿಕೊಂಡು ನಿಂತರೆ ಊಟದ ಗಂಟೆ ತನಕ ಮಾತಿಲ್ಲ.

ನಾನು ಇಂಡಿ ಕಡೆಯವ. ಅಪ್ಪ ಕಳಮನಾ ಮಾರ್ಕೆಟಿನಲ್ಲಿ ಚೀಲ ಹೊರಲಿಕ್ಕೆ ನಾಗಪುರಕ್ಕೆ ಬಂದ. ನಾನು ಕನ್ನಡ ಸಾಲಿ ಐದನೇ ಇಯತ್ತೆಗೆ ಬಿಟ್ಟು ಅವನ ಹಿಂದೆ ಬಂದೆ. ಹೆಂಡತಿ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಸಂಜೆ ಮನೆಯಲ್ಲಿ ಮಾಡಲಿಕ್ಕೆ ಏನೂ ಇರುವುದಿಲ್ಲ. ಹಾಗಾಗಿ ಬರೆದೆ.

೧. ಮೂರು ಮಾತು

ಹಳೇ ಮ್ಯಾನೇಜರ್ ಇದ್ದಾಗ ಏನಾದರೂ ಬೇಕಿದ್ದರೆ ಅವರ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರೆ ಸಾಕಿತ್ತು. "ಏನು, ಬೆಲ್ಟ್ ಹರೀತೇನು?" ಅಂತ ಅವರೇ ಕೇಳುತ್ತಿದ್ದರು. ಕಳೆದ ವರ್ಷ ಹೊಸಬರು ಬಂದರು. ಇವರ ನಿಯಮ ಒಂದೇ. ಏನು ಬೇಕಾದರೂ ಪ್ರೆಸೆಂಟೇಶನ್ ಕೊಡಬೇಕು. ಕಂಪ್ಯೂಟರಿನಲ್ಲಿ ಸ್ಲೈಡು ಮಾಡಿ, ಗೋಡೆ ಮೇಲೆ ಬಿಟ್ಟು, ಪಕ್ಕದಲ್ಲಿ ನಿಂತು ಹೇಳಬೇಕು. ಗೇಟಿನ ವಾಚ್‌ಮನ್ ಒಂದು ಛತ್ರಿ ಕೇಳಲಿಕ್ಕೆ ನಾಲ್ಕು ಸ್ಲೈಡು ಮಾಡಿಸಿದ. ಛತ್ರಿ ಮಂಜೂರಾಯಿತು. ಅಷ್ಟರಲ್ಲಿ ದೀಪಾವಳಿ ಬಂದಿತ್ತು.

ನಮಗೆ ಬೇಕಾಗಿದ್ದು ಧೂಳು ಎಳೆಯುವ ಮಶೀನು. ಅದು ಬೇಕಾಗಿದ್ದು ಮಾವಶಿಯ ಸಲುವಾಗಿ.

ಮಾವಶಿ, ಅಂದರೆ ಚಿಕ್ಕಮ್ಮ, ನನ್ನ ಎದುರಿನ ಗಿರಣಿಯ ಹೆಂಗಸು. ನಮಗಿಂತ ದೊಡ್ಡವಳೇನಲ್ಲ, ಆದರೂ ಎಲ್ಲರೂ ಹಾಗೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷ ಎದುರುಬದುರು ನಿಂತಿದ್ದೇವೆ. ನನ್ನ ಹೆಂಡತಿ ಹೋದಾಗ ಹದಿಮೂರು ದಿನ ಅವಳ ಮನೆಯಿಂದ ಊಟದ ಡಬ್ಬಿ ಬಂತು. ಈಗ ಅವಳಿಗೆ ಕೆಮ್ಮು. ದವಾಖಾನೆಯ ಡಾಕ್ಟರು ನೆಟ್ಟಗೆ ಹೇಳಿದರು: ಹೊಸ ಮಾಲು ಬರುವುದರೊಳಗೆ ಆ ಖೋಲಿಯಿಂದ ಧೂಳು ಹೋಗಬೇಕು, ಇಲ್ಲಾ ನೀನು ಹೋಗಬೇಕು. ಶಿವರಾತ್ರಿ ಹೊತ್ತಿಗೆ ಹೊಸ ಮೆಣಸಿನಕಾಯಿ ಗಿರಣಿಗೆ ಬೀಳುತ್ತದೆ. ಅದರ ಘಾಟೇ ಬೇರೆ. ಅವಳ ಗಂಡ ಉಮರೇಡ್ ಕಡೆ ಕಲ್ಲಿದ್ದಲು ಲಾರಿ ತುಂಬಿ ತುಂಬಿ ಎದೆ ಕೆಡಿಸಿಕೊಂಡು ಮನೆಯಲ್ಲಿ ಕೂತಿದ್ದಾನೆ. ಮನೆ ನಡೆಯುವುದು ಇವಳಿಂದ.

ಅವಳದು ಮರಾಠಿ; ನನಗೆ ಭಾವೂ, ಅಂದರೆ ಅಣ್ಣಾ, ಅನ್ನುತ್ತಾಳೆ. ಅವಳದನ್ನೂ ಉಳಿದವರದನ್ನೂ ನಾನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ.

"ಮನ್ಯಾಗ ಕೆಮ್ಮಾಂವ ಒಬ್ಬ ಅದಾನ, ಭಾವೂ. ನಾನೂ ಹೋಗಿ ಕೂತ್ರ ಯಾರ ಕೆಮ್ಮು ಯಾರ್ದಂತ ಗೊತ್ತಾಗೂದಿಲ್ಲ" ಅಂದಳು.

ನಾನು ಹೋಗಿ ಮ್ಯಾನೇಜರ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡೆ. ಅವರಿಗೆ ಅದು ತಿಳಿಯಲಿಲ್ಲ. ಒಳಗೆ ಕರೆದರು.

"ಹೇಳ್ರಿ ಕಾಕಾ. ಸಮಸ್ಯೆ ಏನು?"

"ಧೂಳು."

"ಮೂಲ ಕಾರಣ?"

"ಮೆಣಸಿನಕಾಯಿ."

"ಪರಿಹಾರ?"

"ಮಶೀನು."

ಅವರು ಪೆನ್ನು ಕೆಳಗಿಟ್ಟರು. ಈ ವರ್ಷ ಒಂದೇ ದೊಡ್ಡ ಮಶೀನು ಮಂಜೂರಾಗುತ್ತದೆ ಅಂದರು. ಪ್ಯಾಕಿಂಗಿನವರೂ ಕೇಳಿದ್ದಾರೆ, ಮಾಲು ಕಳಿಸುವವರೂ ಕೇಳಿದ್ದಾರೆ. ಸಂಕ್ರಾಂತಿಯ ಮರುವಾರ ಮಾಲಕರು ಬರುತ್ತಾರೆ. ಮೂವರದೂ ನೋಡಿ ಒಬ್ಬರಿಗೆ ಕೊಡುತ್ತಾರೆ.

"ನೀವು ಹನ್ನೆರಡು ಸ್ಲೈಡ್ ಮಾಡ್ಕೊಂಡು ಬರ್ರಿ."

"ಈಗ ಹೇಳಿದೆನಲ್ಲರಿ ಸಾಹೇಬ್. ಮೂರ ಮಾತಿನ್ಯಾಗ ಮುಗೀತು."

"ಅದ ತಪ್ಪು ಕಾಕಾ" ಅಂದರು. "ಅಷ್ಟ ಜಲ್ದಿ ಮುಗದ್ರ ಮಾಲಕರಿಗೆ ತಾವು ಯಾಕ ಬಂದ್ವಿ ಅನಸ್ತದ."

೨. ಕತ್ತರಿ

ಸ್ಲೈಡು ಮಾಡಿಕೊಟ್ಟವರು ಲ್ಯಾಬಿನ ಮೇಡಂ. ಪುಡಿಯ ಬಣ್ಣ, ಖಾರ ಪರೀಕ್ಷೆ ಮಾಡುವವರು. ಬೆಂಗಳೂರಿನಿಂದ ಬಂದವರು. ಇಡೀ ಕಾರಖಾನೆಯಲ್ಲಿ ಕನ್ನಡ ಬರುವವರು ನಾವಿಬ್ಬರೇ. ಅವರ ಕನ್ನಡ ನನಗೆ ರೇಡಿಯೋ ಕೇಳಿದಂತೆ ಆಗುತ್ತದೆ. ನನ್ನದು ಅವರಿಗೆ ಏನಾಗುತ್ತದೋ ಗೊತ್ತಿಲ್ಲ.

ನಾನು ಮೂರು ಸಂಜೆ ಕೂತು ಬರೆದಿದ್ದೆ. ಮಸಾಲೆ ಪಾಕೀಟಿನ ರಟ್ಟಿನ ಹಿಂದೆ, ಹನ್ನೊಂದು ರಟ್ಟು. ಅಪ್ಪ ಚೀಲ ಹೊತ್ತಿದ್ದರಿಂದ ಶುರು ಮಾಡಿದ್ದೆ. ಮೇಡಂ ಮೊದಲ ರಟ್ಟು ಓದಿದರು. ತಿರುವಿ ಇಟ್ಟರು.

"ಅಂಕಲ್, ಇದು ಬೇಡ."

"ಯಾವುದು?"

"ಈ ರಟ್ಟು."

ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದರಲ್ಲಿ ಒಂದು ಸಾಲಿನ ಕೆಳಗೆ ಗೀಟು ಹಾಕಿದರು. ದಿನಕ್ಕೆ ಎಷ್ಟು ಸಲ ಗಿರಣಿ ನಿಲ್ಲಿಸುತ್ತೇವೆ, ಮಾವಶಿ ಎಷ್ಟು ಸಲ ಹೊರಗೆ ಹೋಗಿ ಕೂಡುತ್ತಾಳೆ, ಡಾಕ್ಟರು ಏನಂದರು, ಎಲ್ಲ ಅದರೊಳಗಿತ್ತು. ಒಂದು ಬಿಟ್ಟರೂ ಮಶೀನು ಹೋದಂತೆ ಅನಿಸುತ್ತಿತ್ತು.

ಮೇಡಂ ಸಾವಕಾಶವಾಗಿ ತಿಳಿಸಿ ಹೇಳಿದರು. "ಒಂದು ಸ್ಲೈಡಿಗೆ ಒಂದೇ ವಿಷಯ ಅಂಕಲ್. ಅಕ್ಷರ ದೊಡ್ಡದಿರಬೇಕು, ಕೊನೇ ಕುರ್ಚಿಯವರಿಗೂ ಕಾಣಬೇಕು. ನೀವು ಬಾಯಲ್ಲಿ ಹೇಳೋದನ್ನೇ ಮತ್ತೆ ಗೋಡೆ ಮೇಲೆ ಬರೆದರೆ ಜನ ನಿಮ್ಮನ್ನ ನೋಡಲ್ಲ, ಗೋಡೆ ನೋಡ್ತಾರೆ."

"ಗ್ವಾಡಿ ನೋಡಿದ್ರ ಚಲೋನ ಆತಲ್ಲರಿ."

"ಇಲ್ಲ, ನಿಮ್ಮನ್ನ ನೋಡಬೇಕು."

ಸಂಜೆ ಬಸ್ಸಿನ ಹೊತ್ತಿಗೆ ಕತ್ತರಿಸಿ ಮುಗಿಸಿದರು. ಹಿಂದಿ ಭಾಷೆಗೆ ತಿರುಗಿಸಿ ಕಂಪ್ಯೂಟರಿನಲ್ಲಿ ತೋರಿಸಿದರು. ಮೊದಲನೇ ಸ್ಲೈಡಿನಲ್ಲಿ ನನ್ನ ಹನ್ನೊಂದು ರಟ್ಟಿನೊಳಗಿಂದ ಎರಡು ಮಾತು ಉಳಿದಿದ್ದವು. "ಧೂಳು. ದಿನಾಲೂ."

"ಎಷ್ಟು ಚೆನ್ನಾಗಿ ಬಂತು ನೋಡಿ" ಅಂದರು.

"ಉಳದದ್ದು ಎಲ್ಲಿ ಹೋತ್ರಿ?"

"ಅದು ನಿಮ್ಮ ಬಾಯಲ್ಲಿ ಬರುತ್ತೆ."

"ಬಾಯಾಗ ಬರೂದಿಲ್ಲಂತನ ಬರದಿದ್ದೆರಿ ಮೇಡಂ."

೩. ಫೋಟೋ

ಎರಡು ಫೋಟೋ ಬೇಕು ಅಂದರು ಮೇಡಂ. ಒಂದು, ಖೋಲಿ ಈಗ ಹೇಗಿದೆ ಅನ್ನುವುದು. ಇನ್ನೊಂದು, ಮಶೀನು ಬಂದ ಮೇಲೆ ಹೇಗಾಗುತ್ತದೆ ಅನ್ನುವುದು. ಎರಡನೆಯದನ್ನು ಎಲ್ಲಿಂದಾದರೂ ತಂದು ಹಾಕುತ್ತಾರಂತೆ. ಮೊದಲನೆಯದನ್ನು ನಾಳೆ ಹತ್ತಕ್ಕೆ ಬಂದು ತಾವೇ ತೆಗೆಯುತ್ತಾರೆ.

ನಾನು ಖೋಲಿಗೆ ಬಂದು ಹೆಣ್ಣುಮಕ್ಕಳಿಗೆ "ನಾಳೆ ಫೋಟೋ" ಅಂದೆ. ಅಷ್ಟೇ ಅಂದದ್ದು.

ನಮ್ಮಲ್ಲಿ ಫೋಟೋ ಅಂದರೆ ತಪಾಸಣೆಯವರು ಬರುತ್ತಾರೆ ಅಂತ ಅರ್ಥ. ತಪಾಸಣೆ ಅಂದರೆ ಏನು ಮಾಡಬೇಕು ಅಂತ ಕೈಗಳಿಗೆ ತಾನಾಗಿ ಗೊತ್ತಿದೆ. ಮರುದಿನ ಎಲ್ಲರೂ ಒಂದು ತಾಸು ಮೊದಲೇ ಬಂದರು. ನೆಲ ತೊಳೆದರು. ಫ್ಯಾನಿನ ರೆಕ್ಕೆ ಒರೆಸಿದರು. ಮಾವಶಿ ಕೆಮ್ಮುತ್ತ ಕೆಮ್ಮುತ್ತ ಕಿಟಕಿಯ ಗಾಜು ತಿಕ್ಕಿದಳು. ಹೊಸ್ತಿಲಲ್ಲಿ ಯಾರೋ ರಂಗೋಲಿ ಹಾಕಿದರು. ನಾನೂ ನನ್ನ ಗಿರಣಿಗೆ ಎಣ್ಣೆ ಅರಿವೆ ಹಚ್ಚಿ ಮಿಂಚುವಂತೆ ಮಾಡಿದೆ. ಯಾರಿಗೂ ಏನೂ ಹೊಳೆಯಲಿಲ್ಲ.

ಹತ್ತಕ್ಕೆ ಮೇಡಂ ಬಂದರು. ನಾವು ಹೊಸ ಏಪ್ರನ್ ಕಟ್ಟಿಕೊಂಡು ಸಾಲಾಗಿ ನಿಂತಿದ್ದೆವು. ಅವರು ಬಾಗಿಲಲ್ಲೇ ನಿಂತರು. ಖೋಲಿ ನೋಡಿದರು, ನಮ್ಮನ್ನು ನೋಡಿದರು.

"ಅಂಕಲ್, ಇದು ಆಮೇಲಿಂದು. ಮೊದಲಿಂದು ಎಲ್ಲಿ?"

ಎಲ್ಲರ ಮುಖ ಇಳಿಯಿತು. ಆಗ ಗಿರಣಿ ಶುರು ಮಾಡಿದೆವು. ನಾಲ್ಕೂ ಒಟ್ಟಿಗೆ. ಅರ್ಧ ತಾಸಿಗೆ ಖೋಲಿ ತನ್ನ ಬಣ್ಣಕ್ಕೆ ಬಂತು. ಮೇಡಂ ಮೂಗಿಗೆ ದುಪಟ್ಟಾ ಹಿಡಿದು ಮೊಬೈಲ್ ಎತ್ತಿದರು. ಫೋಟೋ ಬರಲಿಲ್ಲ. ಗಾಜು ಒರೆಸಿ ಮತ್ತೆ ತೆಗೆದರು. ಮತ್ತೆ ಬರಲಿಲ್ಲ. ಮೂರು ಸಲ ಆಯಿತು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಹೊರಗೆ ಬಂದು ತೋರಿಸಿದರು. ಮೂಲೆಯಿಂದ ಮೂಲೆಗೆ ಬರೀ ಕೆಂಪು.

"ಏನೂ ಬಂದಿಲ್ಲ ಅಂಕಲ್. ಅಳಿಸಿಬಿಡ್ತೀನಿ."

ಮಾವಶಿ ಮೊಬೈಲ್ ಇಸಿದುಕೊಂಡು ದೂರ ಹಿಡಿದು ನೋಡಿದಳು.

"ಬಂದದಲ್ಲ. ಬರೋಬರ್ ನಮ್ಮ ಖೋಲಿ" ಅಂದಳು. "ಎಡಗಡೆ ನಿಂತಾಕಿ ನಾನು."

೪. ಮೂರನೇ ಗುಂಡಿ

ಶನಿವಾರ ಮ್ಯಾನೇಜರು ಮೂರೂ ಖಾತೆಯ ಮಾತುಗಾರರಿಗೆ ಕ್ಲಾಸ್ ತೆಗೆದುಕೊಂಡರು. ಪ್ಯಾಕಿಂಗಿನವ ಟೀ ಶರ್ಟಿನ ಮೇಲೆ ಕೋಟು ಹಾಕಿಕೊಂಡು ಬಂದಿದ್ದ. ಮಾಲು ಕಳಿಸುವವ ಮಾತು ಶುರು ಮಾಡುವ ಮೊದಲೇ ನಗುತ್ತಿದ್ದ. ನಾನು ಗೋಡೆಗೆ ಆತು ನಿಂತೆ.

ಮ್ಯಾನೇಜರು ಹೇಳಿದ್ದು ಮೂರು. ನೆಟ್ಟಗೆ ನಿಲ್ಲಬೇಕು. ಕೈ ಕಟ್ಟಬಾರದು. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು.

"ಕಾಕಾ, ನೀವು ನೆಲಾ ನೋಡ್ತೀರಿ. ನೆಲದ ಹಂತ್ಯಾಕ ಮಶೀನಿಲ್ಲ. ನನ್ನ ಕಣ್ಣು ನೋಡ್ರಿ."

ನೋಡಿದೆ. ಇಪ್ಪತ್ತೆಂಟು ವರ್ಷ ಮೆಣಸಿನಪುಡಿಯಲ್ಲಿ ಇದ್ದ ಕಣ್ಣು. ಬೆಳ್ಳಗಿರುವುದೆಲ್ಲ ಕೆಂಪಗಿದೆ. ರೆಪ್ಪೆ ಪೂರಾ ಏಳುವುದಿಲ್ಲ, ಎಬ್ಬಿಸಬೇಕಾಗುತ್ತದೆ. ಎಬ್ಬಿಸಿ ಅವರನ್ನೇ ನೋಡುತ್ತ, "ನಮಗ ಮಶೀನ ಬೇಕ್ರಿ" ಅಂದೆ.

ಮ್ಯಾನೇಜರು ಕುರ್ಚಿ ಸ್ವಲ್ಪ ಹಿಂದೆ ತೆಗೆದುಕೊಂಡರು. "ಸಾಕು ಸಾಕು. ಕಾಕಾ, ಮನ್ಯಾಗ ಎಲ್ಲಾ ಬರೋಬರ್ ಅದ ಅಲ್ಲ? ಕುಡಿಯೂದೇನು..."

"ಚಾ ಅಷ್ಟರಿ."

ಮಾವಶಿಗೆ ಹೇಳಿದೆ. ಅವಳು ಯೋಚನೆ ಮಾಡಿ ಉಪಾಯ ಹೇಳಿದಳು. "ಕಣ್ಣು ನೋಡಬ್ಯಾಡ. ಅಂಗಿಯ ಮೂರನೇ ಗುಂಡಿ ನೋಡು. ಅವರಿಗೆ ಕಣ್ಣೇ ನೋಡಿದಂಗ ಅನಸ್ತದ. ಸೊಸಿಗೆ ಬೈಯುವಾಗ ನಾನು ಹಂಗ ಮಾಡ್ತೀನಿ."

ಸೋಮವಾರ ಮತ್ತೆ ತಾಲೀಮು. ನಾನು ಮೂರನೇ ಗುಂಡಿ ಹಿಡಿದೆ. ಮೊದಲ ಸ್ಲೈಡಿನಿಂದ ಕೊನೆಯ ತನಕ ಬಿಡಲಿಲ್ಲ. ಒಂದೂ ತಪ್ಪಲಿಲ್ಲ. ನಡುವೆ ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡೆ, ಆಗಲೂ ಗುಂಡಿಯನ್ನೇ ನೋಡುತ್ತಿದ್ದೆ. ಇಷ್ಟು ಚಲೋ ನಾನು ಜನ್ಮದಲ್ಲಿ ಮಾತಾಡಿಲ್ಲ.

ಮುಗಿದ ಮೇಲೆ ಹೇಗಾಯಿತು ಅಂತ ಕೇಳಿದೆ. ಮ್ಯಾನೇಜರು ಒಂದು ಮಾತೂ ಕೇಳಿರಲಿಲ್ಲ. ಗುಂಡಿ ನಾಲ್ಕು ಸಲ ಬಿಚ್ಚಿ ಹಾಕಿದ್ದರು. ಈಗ ಕನ್ನಡಿ ಹುಡುಕುತ್ತಿದ್ದರು.

೫. ಬಾಜೂ ಮನೆಯವರು

ತಾಲೀಮು ಮನೆಯಲ್ಲೂ ಮಾಡಬೇಕು ಅಂತ ಮೇಡಂ ಹೇಳಿದ್ದರು. ಗಟ್ಟಿಯಾಗಿ, ಎದುರು ಯಾರಾದರೂ ಇದ್ದಂತೆ.

ಮೊದಲೆಲ್ಲ ನಾನು ಹೊರಗೆ ಏನು ಹೇಳಬೇಕಿದ್ದರೂ ಮನೆಯಲ್ಲಿ ಹೇಳಿ ನೋಡುತ್ತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಎಲ್ಲಿ ಬಡಿಯುವುದು ನಿಲ್ಲುತ್ತದೋ ಅಲ್ಲಿ ನನ್ನ ಮಾತು ತಪ್ಪಿದೆ ಅಂತ ತಿಳಿಯಬೇಕು. ಅವಳು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಈಗ ದಿನಾ ಸಂಜೆ ಏಳಕ್ಕೆ ಅಡುಗೆ ಖೋಲಿಯ ಬಾಗಿಲಲ್ಲಿ ನಿಂತು, ಒಳಗೆ ಮುಖ ಮಾಡಿ, ಹಿಂದಿಯಲ್ಲಿ ಹೇಳತೊಡಗಿದೆ. "ನಮಸ್ಕಾರ. ನನ್ನ ಮಾತು ಹತ್ತು ನಿಮಿಷ ಕೇಳಬೇಕು. ಇಷ್ಟು ವರ್ಷ ನಾವು ಏನೂ ಅನ್ನಲಿಲ್ಲ. ಈಗ ಉಸಿರಾಡುವುದು ಕಷ್ಟವಾಗಿದೆ."

ಬಾಜೂ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿ ಇರುವವರು ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ಮೂರನೇ ದಿನ ಸಂಜೆ ಬಾಗಿಲು ಬಡಿದರು. ಕೈಯಲ್ಲಿ ಶಿರಾ ತುಂಬಿದ ವಾಟಿ. ಕಣ್ಣು ಒದ್ದೆಯಾಗಿದ್ದವು.

"ಮಾತಾಡ್ರಿ, ಮಾತಾಡ್ರಿ" ಅಂದರು. "ನಿಲ್ಲಸಬ್ಯಾಡ್ರಿ. ಹೇಳಿದ್ರ ಎದಿ ಹಗೂರ ಆಗ್ತದ. ನಾ ಇಲ್ಲೇ ಸುಮ್ನ ಕೂಡ್ತೀನಿ."

ಇದು ಹೆಂಡತಿಯ ಜೊತೆಯ ಮಾತಲ್ಲ, ಕಾರಖಾನೆಯ ತಾಲೀಮು ಅಂತ ಹೇಳಬೇಕು ಅಂದುಕೊಂಡೆ. ಆದರೆ ನನಗೆ ಕೇಳುವವರು ಬೇಕಾಗಿದ್ದರು. ಮಾಲಕರು ಬರಲಿಕ್ಕೆ ಆರೇ ದಿನ ಇದ್ದವು. ಅವರು ಮೂಲೆಯ ದೊಡ್ಡ ಡಬ್ಬದ ಮೇಲೆ ಕೂತರು. ನಾನು ಅಡುಗೆ ಖೋಲಿಗೆ ಮುಖ ಮಾಡಿ ಹನ್ನೆರಡೂ ಸ್ಲೈಡು ಹೇಳಿದೆ. ನಾಲ್ಕು ದಿನ ಹೀಗೇ ನಡೆಯಿತು. ಶಿರಾ ಒಂದು ದಿನ, ಉಪ್ಪಿಟ್ಟು ಒಂದು ದಿನ.

ನಾಲ್ಕನೇ ದಿನ ನಾನು ನಡುವೆ ನಿಂತೆ. ಎಲ್ಲೋ ತಪ್ಪುತ್ತಿತ್ತು, ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. ಒಳಗೆ ರೊಟ್ಟಿ ಹಂಚು ತಣ್ಣಗಿತ್ತು. ಕಿವಿಗೊಟ್ಟು ನಿಂತೆ, ಬಹಳ ಹೊತ್ತು.

ಮಾಸ್ತರರು ಮೆಲ್ಲಗೆ ಕೇಳಿದರು. "ಅವರು ಏನರ ಅಂತಾರೇನು?"

"ಹೂಂರಿ" ಅಂದೆ. "ನಾಲ್ಕನೇ ಸ್ಲೈಡ್ ತಗೀ ಅಂತಾಳ."

ತೆಗೆಸಿದೆ. ಹನ್ನೊಂದು ಉಳಿದವು.

೬. ಬೆನ್ನು

ಮಾಲಕರು ಬರುವ ಹಿಂದಿನ ದಿನದ ಮಾತು. ಮಾವಶಿ ಎರಡು ದಿನ ಬಂದಿರಲಿಲ್ಲ. ಅವಳ ಗಿರಣಿ ಬಂದ್ ಇತ್ತು. ಎದುರು ಯಾರೂ ಇಲ್ಲದೆ ಕೆಲಸ ಮಾಡುವುದು ನನಗೆ ರೂಢಿ ಇಲ್ಲ. ಆ ಎರಡು ದಿನ ಸಂಜೆ ಮನೆಗೆ ಹೋದರೂ, ಬೆಳಿಗ್ಗೆ ಖೋಲಿಗೆ ಬಂದರೂ ಒಂದೇ ಆಗಿತ್ತು.

ಮೂರನೇ ದಿನ ಗೇಟಿನ ಹೊರಗೆ ಅವಲಕ್ಕಿ ಪೋಹೆಯ ಗಾಡಿಯ ಹತ್ತಿರ ಸಿಕ್ಕಳು. ಮೇಲೆ ಸುರಿಯುವ ಖಾರದ ಸಾರು, ತರ್ರಿ, ಹಾಕಿಸಿಕೊಂಡಿರಲಿಲ್ಲ. ನಾಗಪುರದಲ್ಲಿ ಹುಟ್ಟಿದವಳು ತರ್ರಿ ಇಲ್ಲದ ಪೋಹೆ ತಿನ್ನುವುದನ್ನು ನೋಡಿ ನನಗೆ ಹೆದರಿಕೆ ಆಯಿತು.

"ಹೆಂಗದೀ?"

"ನೋಡ್ತೀಯಲ್ಲ. ನಿನ್ನ ಸ್ಲೈಡ್ ಹೆಂಗಾವ?"

"ಹನ್ನೊಂದ ಅದಾವ."

ಅವಳು ಪ್ಲೇಟು ಕೆಳಗಿಟ್ಟು ಉಸಿರು ತೆಗೆದುಕೊಂಡಳು. ಎರಡು ಮಾತಿನ ನಡುವೆ ಈಗ ಅಷ್ಟು ಹೊತ್ತು ಬೇಕಾಗುತ್ತಿತ್ತು.

"ಕೇಳು ಭಾವೂ. ನಾಳೆ ಮಾಲಕ ಹೂಂ ಅಂದ್ರ ಹೂಂ. ಇಲ್ಲಂದ್ರ ನಾನು ಆವತ್ತ ಸಂಜಿಗೇ ಹೊಂಟೆ. ಶಿವರಾತ್ರಿ ತನಕ ಎಳಿಯೂದಿಲ್ಲ. ನೀ ಏನೂ ಮನಸಿಗೆ ಹಚ್ಕೋಬ್ಯಾಡ. ಮಾತ ಬರೂದಿಲ್ಲಂತ ಗೊತ್ತಿದ್ದೂ ನಿನ್ನ ನಿಲ್ಲಸೀವಿ."

ಏನಾದರೂ ಅನ್ನಬೇಕಿತ್ತು. ಅಂದೆ, "ಹಂಗ ಬಿಡ್ಲಿಕ್ಕೆ ಬರೂದಿಲ್ಲ. ಬಿಡಬೇಕಾದ್ರೂ ಮ್ಯಾನೇಜರ್ ಪ್ರೆಸೆಂಟೇಶನ್ ಕೇಳ್ತಾನ."

"ಒಂದ ಸ್ಲೈಡ್ ಸಾಕು" ಅಂದಳು. "ನನ್ನ ಬೆನ್ನಿನ ಫೋಟೋ ಹಾಕು. ಗೇಟ ದಾಟೂದು."

೭. ಚಿವಡಾ

ದೊಡ್ಡ ಹಾಲ್. ತಂಪು ಗಾಳಿ. ಮುಂದೆ ಸೋಫಾದ ಮೇಲೆ ಮಾಲಕರು. ಎಪ್ಪತ್ತರ ಹತ್ತಿರ ವಯಸ್ಸು, ತುಂಬಿದ ಮೈ, ಬಿಳೀ ಅಂಗಿ. ಎದುರು ಚಹಾ, ಒಂದು ತಾಟು ಅವಲಕ್ಕಿ ಚಿವಡಾ. ಪಕ್ಕದಲ್ಲಿ ಮ್ಯಾನೇಜರು, ಇಸ್ತ್ರಿ ಹೊಡೆದಂತೆ ಕೂತಿದ್ದರು.

ಪ್ಯಾಕಿಂಗಿನವನದು ಮೊದಲು. ಅಕ್ಷರಗಳು ಮೂಲೆಯಿಂದ ಹಾರಿ ಬಂದು ಕೂಡುತ್ತಿದ್ದವು, ಜೊತೆಗೆ ಸಂಗೀತ. ಮಾಲಕರು ಚಿವಡಾ ತಿಂದರು. ಮಾಲು ಕಳಿಸುವವನದು ಆಮೇಲೆ. ಅದರೊಳಗೆ ಒಂದು ಲಾರಿ ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗಿ ಹಾರ್ನ್ ಹೊಡೆಯಿತು. ಮಾಲಕರು ನಕ್ಕು "ವಾ" ಅಂದರು. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನನ್ನ ಹೆಸರು ಕರೆದರು. ಹೋಗಿ ನಿಂತೆ. ಟೀಮು ಹಿಂದೆ ಇರಬೇಕು ಅಂತ ಮೇಡಂ ಹೇಳಿದ್ದರಿಂದ ಮಾವಶಿಯೂ ಇನ್ನು ಮೂವರು ಹೆಣ್ಣುಮಕ್ಕಳೂ ನನ್ನ ಹಿಂದೆ ಸಾಲಾಗಿ ನಿಂತರು. ಎಲ್ಲರೂ ತಲೆ ಮೇಲೆ ನೀರು ಹಾಕಿಕೊಂಡು, ಹಬ್ಬದ ಸೀರೆ ಉಟ್ಟು ಬಂದಿದ್ದರು. ಇಲ್ಲಿ ಒಬ್ಬರಿಗೂ ಘಾಟು ತಾಗಬಾರದು ಅಂತ ಮಾವಶಿಯ ಕಟ್ಟಪ್ಪಣೆ.

ಮೊದಲನೇ ಸ್ಲೈಡು ಹೇಳಿದೆ. ಎರಡನೆಯದೂ ಹೇಳಿದೆ. ಧ್ವನಿ ನನ್ನದಲ್ಲ ಅನಿಸಿತು, ಆದರೆ ಬಂತು. ಮೂರನೆಯದು ಆ ಕೆಂಪು ಫೋಟೋ.

ಮಾಲಕರು ಕಣ್ಣು ಸಣ್ಣ ಮಾಡಿ ನೋಡಿದರು. "ಇದೇನು, ಫೋಟೋ ಬಂದಿಲ್ಲೇನು?"

ಇದಕ್ಕೆ ಏ‌ನು ಹೇಳಬೇಕು ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಎಷ್ಟು ಸಲ ಹೇಳಿದ್ದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಕಂಪ್ಯೂಟರಿನ ಹಿಂದಿನಿಂದ ಮೇಡಂ ಪಿಸುಗುಟ್ಟಿದರು, "ಅಂಕಲ್, ಹೇಳಿ." ಮ್ಯಾನೇಜರು ನೆಲ ನೋಡತೊಡಗಿದರು. ನಾನು ನಿಂತೇ ಇದ್ದೆ. ಬಹುಶಃ ಒಂದು ನಿಮಿಷ ಆಗಿರಬೇಕು.

ಮಾಲಕರು ಕೈಗಡಿಯಾರ ನೋಡಿದರು. ಕೆಟ್ಟ ಮನುಷ್ಯ ಅಲ್ಲ. ಮೆತ್ತಗೇ ಅಂದರು. "ಆತು. ಧೂಳದ, ತಿಳೀತು. ಈ ವರ್ಷ ಬ್ಯಾಡ, ಮುಂದಿನ ವರ್ಷ ನೋಡೋಣು."

ನನ್ನ ಹಿಂದೆ ಬಳೆ ಸಪ್ಪಳ ಆಯಿತು. ತಿರುಗಿ ನೋಡಿದೆ. ಮಾವಶಿ ಸೆರಗು ಸಿಗಿಸಿಕೊಳ್ಳುತ್ತಿದ್ದಳು, ಹೊರಡಲಿಕ್ಕೆ.

ಮಾಲಕರು ಏಳುತ್ತ ತಾಟಿನಲ್ಲಿ ಉಳಿದ ಚಿವಡಾ ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡರು. ಅದರಲ್ಲಿ ಏನೋ ಒಂದು ಕಾಳು ಹೋಗಬಾರದ ಕಡೆ ಹೋಯಿತು. ಕೆಮ್ಮಿದರು. ಒಳಗೆ ಸಿಕ್ಕಿಕೊಂಡು ಹೊರಗೆ ಬಾರದ ಕೆಮ್ಮು ಅದು. ಮುಖ ಕೆಂಪಾಯಿತು, ಕಣ್ಣು ಮೇಲಾದವು.

ಆಮೇಲೆ ಆದದ್ದನ್ನು ಮಾಡು ಅಂತ ಯಾರೂ ಯಾರಿಗೂ ಹೇಳಲಿಲ್ಲ.

ನಾನು ಗೋಡೆಗೆ ಹಾರಿ ಮೇನ್ ಸ್ವಿಚ್ ಎಳೆದೆ. ದೀಪ, ತಂಪು ಗಾಳಿ, ಗೋಡೆ ಮೇಲಿನ ಫೋಟೋ, ಎಲ್ಲ ಹೋಯಿತು. ಒಬ್ಬಾಕೆ ಕಾಲಿನಿಂದ ಬಾಗಿಲು ಒದ್ದಳು. ಇಬ್ಬರು ಮಾಲಕರ ಎರಡು ಬಗಲಿಗೆ ಹೆಗಲು ಕೊಟ್ಟರು. ಮಾವಶಿ ಒಂದು ಕಾಲು ಹಿಡಿದಳು, ನಾನು ಬಂದು ಇನ್ನೊಂದು ಹಿಡಿದೆ. ಎತ್ತಿದೆವು. ಮ್ಯಾನೇಜರು ಕತ್ತಲಲ್ಲಿ "ಸರ್, ಸರ್" ಅನ್ನುತ್ತಿದ್ದರು. ಅವರನ್ನು ಪಕ್ಕಕ್ಕೆ ತಳ್ಳಿ, ಪಡಸಾಲೆ ದಾಟಿ, ಹೂವಿನ ಕುಂಡ ಒಂದನ್ನು ಕೆಡವಿ, ಹೊರಗೆ ಬೇವಿನ ಗಿಡದ ಕಟ್ಟೆ ಮೇಲೆ ತಂದು ಕೂಡಿಸಿದೆವು. ಮಾವಶಿ ಬೆನ್ನಿಗೆ ಎರಡು ಹಾಕಿದಳು. ಕಾಳು ಹೊರಗೆ ಬಂತು. ಒಬ್ಬಾಕೆ ಕಟ್ಟೆ ಪಕ್ಕದ ನೀರಿನ ಕೊಡ ತಲೆ ಮೇಲೆ ಸುರುವಿದಳು. ಮಾವಶಿ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಹೆಂಟೆ ತೆಗೆದು ಅವರ ಬಾಯಿಗೆ ತುರುಕಿದಳು.

ನಮ್ಮ ಖೋಲಿಯಲ್ಲಿ ಯಾರಿಗಾದರೂ ಹಾಗೆ ಕೆಮ್ಮು ಹತ್ತಿದರೆ ಇದೇ ಪದ್ಧತಿ. ಮೊದಲು ಕರೆಂಟು, ಆಮೇಲೆ ಬಾಗಿಲು, ಆಮೇಲೆ ಮನುಷ್ಯ. ಯಾರು ಅಂತ ನೋಡುವುದಿಲ್ಲ. ಇವರು ಮಾಲಕರು ಅಂತ ನನಗೆ ನೆನಪಾಗಿದ್ದು, ಅವರ ಒಂದು ಬೂಟು ನನ್ನ ಕೈಯಲ್ಲೇ ಉಳಿದದ್ದು ಕಂಡಾಗ.

ಎಲ್ಲರೂ ಹಿಂದೆ ಸರಿದು ನಿಂತೆವು. ಮ್ಯಾನೇಜರ ಮುಖ ಸುಣ್ಣ ಆಗಿತ್ತು. ಮಾಲಕರ ಅಂಗಿ ಮೈಗೆ ಅಂಟಿತ್ತು. ಅವರು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಬಾಯಲ್ಲಿ ಬೆಲ್ಲ ಇದ್ದದ್ದರಿಂದ ಏನೂ ಅನ್ನಲಿಕ್ಕೆ ಆಗುತ್ತಿರಲಿಲ್ಲ. ಹೆಂಟೆ ದೊಡ್ಡದಿತ್ತು. ಅದು ಕರಗುವ ತನಕ ನಾವು ಕಾಯ್ದೆವು. ನನ್ನ ನೌಕರಿಯಲ್ಲಿ ಅಷ್ಟು ಉದ್ದನೆಯ ಹೊತ್ತು ಇನ್ನೊಂದಿಲ್ಲ.

ಕಡೆಗೆ ನುಂಗಿದರು.

"ಇದನ್ನ ಯಾರು ಕಲಿಸಿದ್ರು?"

ನನ್ನ ಬಾಯಿ ಆಗ ತೆರೆಯಿತು. "ಕಲಿಸಿಲ್ರಿ ಸಾಹೇಬ್. ದಿನಾ ಮಾಡ್ತೀವಿ."

"ದಿನಾ?"

"ದಿನಕ್ಕ ನಾಕೈದ ಸಲ. ಈಕಿಗಂತೂ ಇನ್ನೂ ಹೆಚ್ಚು" ಅಂದು ಮಾವಶಿಯನ್ನು ತೋರಿಸಿದೆ.

"ಹೊರಗ ತಂದ ಮ್ಯಾಲೆ?"

"ಬೆಲ್ಲಾ ಕರಗೂ ತನಕಾ ಕೂಡಸ್ತೀವಿ. ಆಮ್ಯಾಲ ಮತ್ತ ಒಳಗ ಹೋಗ್ತಾಳ."

ಮಾಲಕರು ಮಾವಶಿಯ ಕಡೆ ನೋಡಿದರು. ಅವಳು ಇಷ್ಟು ಓಡಿದ್ದಕ್ಕೆ ಗಿಡಕ್ಕೆ ಕೈ ಕೊಟ್ಟು ಬಾಗಿ ಕೆಮ್ಮುತ್ತಿದ್ದಳು. ನಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ಅವಳ ಬಾಯಿಗೂ ಬೆಲ್ಲ ಹಾಕಿದಳು.

"ಇವರ ಮಶೀನ ಹಾಕಿಸ್ರಿ" ಅಂದರು ಮ್ಯಾನೇಜರಿಗೆ. "ಹೊಸಾ ಮಾಲು ಬರೂದರಾಗ."

ಮ್ಯಾನೇಜರು ಮುಂದೆ ಬಂದರು. "ಸರ್, ಇವರದು ಇನ್ನ ಎಂಟ ಸ್ಲೈಡ್ ಉಳದಾವು."

"ಬ್ಯಾಡ" ಅಂದರು ಮಾಲಕರು. "ಮೂರಕ್ಕ ಇಷ್ಟಾತು."

ಯಾರೂ ನಗಲಿಲ್ಲ, ನಗಬಹುದೋ ಇಲ್ಲವೋ ಗೊತ್ತಿರಲಿಲ್ಲ. ಅವರೇ ಮುಖ ಒರೆಸಿಕೊಂಡು ನಕ್ಕರು. ನಾನು ಬೂಟು ಕೊಟ್ಟೆ. ಹಾಕಿಕೊಳ್ಳುತ್ತ ಮಾವಶಿಯ ಕಡೆ ತಿರುಗಿ ಅಂದರು, "ಆದ್ರ ನಾಕ ಮಂದಿ ಹೆಣ್ಮಕ್ಕಳು, ಒಬ್ಬ ಈ ಕಾಕಾ. ನನ್ನನ್ನ ಹೆಂಗ ಎತ್ತಿದ್ರಿ?"

ಮಾವಶಿ ಬೆಲ್ಲ ದವಡೆಗೆ ಸರಿಸಿದಳು. "ಅದೇನ ದೊಡ್ಡ ಮಾತು ಸಾಹೇಬ್. ದಿನಾ ಚೀಲಾ ಎತ್ತತೀವಿ. ನೀವು ಎರಡ ಚೀಲ ಆಗ್ತೀರಿ."

ಆಮೇಲೆ ಅವರನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಸರಿಯಾಗಿ ನೋಡಿ ಅಂದಳು.

"ಈಗ ಮಾಲು ತೊಯ್ದದ. ಎರಡೂವರಿ."